5.12-ಆರ್‌ಸಿ1: ಫೈಲ್‌ಸಿಸ್ಟಮ್ ಅಳಿಸುತ್ತಿದ್ದ ಕರ್ನಲ್ ಅನ್ನು ಮತ್ತೆ ಓಡಿಸಿ ನೋಡಿದ ಎರಡು ದಿನ

ನಮ್ಮ ಚಿಕ್ಕಪ್ಪನ ಮಗ ದಾವಣಗೆರೆಯಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಹತ್ತಿರ ಇರುವುದು ಒಂದೇ ಲ್ಯಾಪ್‌ಟಾಪ್. ಪ್ರಾಜೆಕ್ಟ್ ಕೋಡ್, ರಿಪೋರ್ಟ್, ಮೂರು ವರ್ಷದ ನೋಟ್ಸ್, ಮನೆಯವರ ಫೋಟೋ ಎಲ್ಲ ಅದರಲ್ಲೇ. ಹೋದ ತಿಂಗಳು ಫೋನ್ ಮಾಡಿದ್ದ. "ಅಣ್ಣ, ವಿಂಡೋಸ್ ಇನ್‌ಸೈಡರ್‌ಗೆ ಸೇರ್ಕೊಂಡು ಕ್ಯಾನರಿ ಚಾನೆಲ್ ಹಾಕ್ಕೊಳ್ಳಲಾ?" ಅಂತ ಕೇಳಿದ. ವಿಂಡೋಸ್‌ನ ಹೊಸ ಆವೃತ್ತಿಗಳನ್ನು ಬಿಡುಗಡೆಗೆ ಮೊದಲೇ ಪರೀಕ್ಷೆಗೆ ಕೊಡುವ ಕಾರ್ಯಕ್ರಮ ಅದು, ಕ್ಯಾನರಿ ಅದರಲ್ಲಿ ಎಲ್ಲಕ್ಕಿಂತ ಹಸಿ ಹಂತ. ಬೇಡ ಅಂದೆ.

"ಜಾಸ್ತಿ ಅಂದ್ರೆ ಏನಾಗುತ್ತೆ? ಹ್ಯಾಂಗ್ ಆಗುತ್ತೆ. ರೀಸ್ಟಾರ್ಟ್ ಮಾಡಿದ್ರೆ ಆಯ್ತಲ್ವಾ?"

ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ನನಗೆ ಹ್ಯಾಂಗ್ ಆಗುವ ಬಗ್‌ಗಳ ಹೆದರಿಕೆ ಇಲ್ಲ. ಅವು ಕಣ್ಣಿಗೆ ಕಾಣುತ್ತವೆ, ನಾವು ತಕ್ಷಣ ಕೈ ತೆಗೆಯುತ್ತೇವೆ. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಕಾಣುತ್ತಲೇ ಒಳಗೆ ಡಿಸ್ಕ್ ಅಳಿಸುತ್ತಾ ಹೋಗುವ ಬಗ್ ಇದೆಯಲ್ಲ, ಹೆದರಿಕೆ ಅದಕ್ಕೆ. ಫೋನಿನಲ್ಲಿ ಹೇಳಿದರೆ ಅವನು ನಂಬಲಿಲ್ಲ. "ಅಣ್ಣ, ನೀನು ಸುಮ್ನೆ ಹೆದರಿಸ್ತೀಯ" ಅಂದ. ಹಾಗಾದರೆ ಕಣ್ಣೆದುರು ಮಾಡಿಯೇ ತೋರಿಸೋಣ ಎಂದು ಶನಿವಾರ, ಭಾನುವಾರ ಅವರ ಮನೆಗೆ ಹೋದೆ. ಆ ಎರಡು ದಿನ ಏನೇನು ಮಾಡಿದೆವು ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ತೋರಿಸಲು ಆರಿಸಿಕೊಂಡಿದ್ದು ಲಿನಕ್ಸ್ ಕರ್ನಲ್ 5.12ರ ಮೊದಲ ಆರ್‌ಸಿ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು, ಹಾರ್ಡ್‌ವೇರ್ ನಡೆಸುವ ಭಾಗ. ಆರ್‌ಸಿ ಅಂದರೆ ಅಂತಿಮ ಬಿಡುಗಡೆಗೆ ಮೊದಲು ಪರೀಕ್ಷೆಗೆ ಕೊಡುವ ಆವೃತ್ತಿ. ಕರ್ನಲ್‌ನಲ್ಲಿ ಎರಡು ವಾರ ಹೊಸ ಕೋಡ್ ಸೇರಿಸಿಕೊಂಡು ಆರ್‌ಸಿ1 ಬಿಡುತ್ತಾರೆ. ಆಮೇಲೆ ವಾರಕ್ಕೊಂದರಂತೆ ಆರ್‌ಸಿ2, ಆರ್‌ಸಿ3 ಎಂದು ಬರುತ್ತವೆ. 5.12-ಆರ್‌ಸಿ1 ಬಂದಿದ್ದು 2021ರ ಫೆಬ್ರವರಿ 28ಕ್ಕೆ. ಮಾರ್ಚ್ 3ಕ್ಕೆ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಎಲ್ಲರಿಗೂ ಪತ್ರ ಬರೆದು, ಇದನ್ನು ಬಳಸಬೇಡಿ ಎಂದರು. ನೋಡಲು ನಿರಪಾಯಕಾರಿಯಾಗಿದ್ದ ಒಂದು ಸಣ್ಣ ಕೋಡ್ ಸ್ವಚ್ಛತೆಯ ಕೆಲಸದಲ್ಲಿ ಸ್ವಾಪ್ ಫೈಲ್‌ನ (ರ‍್ಯಾಮ್ ಸಾಲದಾದಾಗ ಅದರ ಡೇಟಾ ಇಳಿಸುವ ಫೈಲ್) ಲೆಕ್ಕ ತಪ್ಪಿತ್ತು. ಆ ಆವೃತ್ತಿಗೆ ಕೊಟ್ಟ ಗುರುತಿನ, ಅಂದರೆ ಟ್ಯಾಗ್‌ನ, ಹೆಸರನ್ನೇ ಬದಲಿಸಿ ಕೊನೆಗೆ 'ಡೋಂಟ್‌ಯೂಸ್' ಎಂದು ಸೇರಿಸಿದರು. ಭಾನುವಾರದ ತನಕ ಕಾಯದೆ ಮಾರ್ಚ್ 5, ಶುಕ್ರವಾರವೇ ಆರ್‌ಸಿ2 ಬಿಟ್ಟರು. ಆ ಟ್ಯಾಗ್ ಇವತ್ತಿಗೂ ಹಾಗೇ ಇದೆ. ಯಾರು ಬೇಕಾದರೂ ಇಳಿಸಿಕೊಂಡು ಓಡಿಸಬಹುದು. ಅದಕ್ಕೇ ನಮ್ಮ ಕೆಲಸಕ್ಕೆ ಇದು ಸರಿಹೋಯಿತು.

ಶನಿವಾರ ಬೆಳಿಗ್ಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ನಿಜವಾದ ಯಂತ್ರದ ಮೇಲೆ ಮಾಡಬೇಡಿ. ನಾವು ಮಾಡಿದ್ದು ಕ್ಯೂಎಮು ಎಂಬ ಸಾಫ್ಟ್‌ವೇರ್ ಒಳಗಿನ ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ನಕಲಿ ಕಂಪ್ಯೂಟರಿನಲ್ಲಿ. 20 ಜಿಬಿ ಡಿಸ್ಕ್ ಇಮೇಜ್ (ಡಿಸ್ಕಿನಂತೆ ಕೆಲಸ ಮಾಡುವ ಫೈಲ್), ಅದರಲ್ಲಿ ಡೆಬಿಯನ್ 11 ಎಂಬ ಲಿನಕ್ಸ್, ಒಂದೇ ಪಾರ್ಟಿಷನ್ (ಡಿಸ್ಕಿನ ಭಾಗ), ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಎಕ್ಸ್‌ಟಿ4 ಫೈಲ್‌ಸಿಸ್ಟಮ್. ಇನ್‌ಸ್ಟಾಲ್ ಮಾಡುವಾಗ ಸ್ವಾಪ್ ಪಾರ್ಟಿಷನ್ ಬೇಡ ಎಂದೆವು. ಡೆಬಿಯನ್ 11ನ್ನೇ ಆರಿಸಲು ಕಾರಣ ಅದರ ಕಂಪೈಲರ್ ಜಿಸಿಸಿ (ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಮ್ ಮಾಡುವ ಸಾಧನ). ಅದು 5.12ರ ಕಾಲದ್ದೇ. ಈಗಿನ ಹೊಸ ಕಂಪೈಲರ್‌ನಲ್ಲಿ ಹಳೇ ಕರ್ನಲ್ ಕಟ್ಟಲು ಹೋದರೆ ಬೇರೆಯೇ ತಲೆನೋವು ಶುರುವಾಗುತ್ತದೆ.

ಮೊದಲಿಗೆ ಯಂತ್ರಕ್ಕೆ 6 ಜಿಬಿ ರ‍್ಯಾಮ್ ಕೊಟ್ಟು ಸೋರ್ಸ್ ಇಳಿಸಿ ಕಟ್ಟಲು ಕೂತೆವು. ಡೆಬಿಯನ್‌ನ ಕಾನ್ಫಿಗ್ (ಕರ್ನಲ್‌ನಲ್ಲಿ ಏನೇನಿರಬೇಕು ಎಂಬ ಪಟ್ಟಿ) ಫೈಲನ್ನೇ ತೆಗೆದುಕೊಂಡು, ಬಳಕೆಯಲ್ಲಿರುವ ಮಾಡ್ಯೂಲ್ (ಕರ್ನಲ್‌ನ ಬಿಡಿಭಾಗ) ಮಾತ್ರ ಉಳಿಸುವ 'ಲೋಕಲ್‌ಮಾಡ್‌ಕಾನ್ಫಿಗ್' ಓಡಿಸಿದೆವು. ಕಂಪೈಲ್ ಶುರುವಾಗಿ ಸ್ವಲ್ಪ ಹೊತ್ತಿಗೆ ಸರ್ಟಿಫಿಕೇಟ್ ಫೈಲ್ ಸಿಗುತ್ತಿಲ್ಲ ಎಂದು ನಿಂತಿತು. ಡೆಬಿಯನ್ ಕಾನ್ಫಿಗ್ ತೆಗೆದುಕೊಂಡವರಿಗೆಲ್ಲ ಸಿಗುವ ತೊಡಕು ಇದು. ಅದರಲ್ಲಿ ಡೆಬಿಯನ್‌ನವರ ಕೀ ಫೈಲ್‌ನ ದಾರಿ ಬರೆದಿರುತ್ತದೆ, ನಮ್ಮ ಹತ್ತಿರ ಆ ಫೈಲ್ ಇರುವುದಿಲ್ಲ. 'ಸಿಸ್ಟಮ್ ಟ್ರಸ್ಟೆಡ್ ಕೀಸ್' ಎಂಬ ಸಾಲನ್ನು ಖಾಲಿ ಮಾಡಿದರೆ ಸಾಕು. ಆಮೇಲೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಕರ್ನಲ್ ಸಿದ್ಧವಾಯಿತು. ಹೋಲಿಸಿ ನೋಡಲು ಬೇಕೆಂದು ಆರ್‌ಸಿ2ನ್ನೂ ಅಲ್ಲೇ ಕಟ್ಟಿಟ್ಟೆವು.

ಈಗ ಡೇಟಾ. ತಮ್ಮನ ಲ್ಯಾಪ್‌ಟಾಪಿನಿಂದಲೇ 400 ಫೈಲ್ ನಕಲು ಮಾಡಿದೆವು. ಫೋಟೋ, ಪಿಡಿಎಫ್, ಸೋರ್ಸ್ ಕೋಡ್, ಜೊತೆಗೆ ಪ್ರಾಜೆಕ್ಟ್ ರಿಪೋರ್ಟಿನ ಪಠ್ಯ. ಅರ್ಧ ಹೋಮ್ ಫೋಲ್ಡರಿನಲ್ಲಿ ಇಟ್ಟೆವು, ಇನ್ನರ್ಧ ಬೇರೊಂದು ಕಡೆ. ಪ್ರತಿ ಫೈಲಿಗೂ ಎಸ್‌ಎಚ್‌ಎ256 ಮೊತ್ತ (ಫೈಲಿನ ಒಂದಕ್ಷರ ಬದಲಾದರೂ ಬೇರೆಯಾಗುವ, ಬೆರಳಚ್ಚಿನಂಥ ಸಂಖ್ಯೆ) ತೆಗೆದು, ಆ ಪಟ್ಟಿಯನ್ನು ವರ್ಚುವಲ್ ಯಂತ್ರದ ಹೊರಗೆ ಇಟ್ಟುಕೊಂಡೆವು. ಈ ಪಟ್ಟಿ ಹೊರಗಿರಲೇಬೇಕು. ಹಾಳಾಗುವ ಡಿಸ್ಕಿನೊಳಗೇ ಇಟ್ಟರೆ ಯಾವುದನ್ನು ನಂಬುವುದು? ಕೊನೆಗೆ ಹಳೇ 5.10 ಕರ್ನಲ್‌ನಲ್ಲಿರುವಾಗಲೇ 2 ಜಿಬಿ ಸ್ವಾಪ್ ಫೈಲ್ ಮಾಡಿ, ಆನ್ ಮಾಡದೆ ಬಿಟ್ಟೆವು. ಯಂತ್ರ ಆಫ್ ಮಾಡಿ ಡಿಸ್ಕ್ ಇಮೇಜಿನ ಮೂರು ಪ್ರತಿ ತೆಗೆದೆವು.

ತಪ್ಪು ಎಲ್ಲಿತ್ತು

ಮಧ್ಯಾಹ್ನ ಊಟ ಆದ ಮೇಲೆ ಇದನ್ನು ಅವನಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ.

ರ‍್ಯಾಮ್ ಸಾಲದಾದಾಗ ಕರ್ನಲ್ ಅದರಲ್ಲಿರುವ ಪುಟಗಳನ್ನು ಡಿಸ್ಕಿಗೆ ಇಳಿಸುತ್ತದೆ. ಒಂದು ಪುಟ 4 ಕೆಬಿ. ಇಳಿಸಲು ಒಂದು ಪಾರ್ಟಿಷನ್ನೇ ಬಿಟ್ಟಿರಬಹುದು, ಅಥವಾ ಫೈಲ್‌ಸಿಸ್ಟಮ್ ಒಳಗೆ ಒಂದು ದೊಡ್ಡ ಫೈಲ್ ಮಾಡಿರಬಹುದು. ಪಾರ್ಟಿಷನ್ ಆದರೆ ಲೆಕ್ಕ ಸುಲಭ. ಸ್ವಾಪಿನ 1ನೇ ಪುಟ ಪಾರ್ಟಿಷನ್‌ನ 1ನೇ ಬ್ಲಾಕಿಗೆ ಹೋಗುತ್ತದೆ. ಫೈಲ್ ಆದರೆ ಹಾಗಲ್ಲ. ಆ ಫೈಲ್ ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ ಎಂದು ನೋಡಿ, ಅಷ್ಟನ್ನು ಕೂಡಿಸಿ ಬರೆಯಬೇಕು. ಬಡಾವಣೆಯಲ್ಲಿ ನಮ್ಮ ಜಾಗ 900ನೇ ಸೈಟಿನ ನಂತರ ಶುರುವಾಗುತ್ತದೆ ಎಂದುಕೊಳ್ಳಿ. ನಮ್ಮ 1ನೇ ಸೈಟು ಅಂದರೆ ಬಡಾವಣೆಯ 901. ಮೇಸ್ತ್ರಿ ಆ 900ನ್ನು ಮರೆತರೆ? ಊರ ಬಾಗಿಲಿನ ಮೊದಲ ಮನೆ ಕೆಡವಿ ಅಲ್ಲಿ ನಮಗೆ ಪಾಯ ತೆಗೆಯುತ್ತಾನೆ.

ಆರ್‌ಸಿ1ರಲ್ಲಿ ಆಗಿದ್ದು ಇದೇ. ಆ ಕೂಡಿಸುವ ಹೆಜ್ಜೆ ಬಿಟ್ಟುಹೋಗಿತ್ತು. ಸ್ವಾಪ್ ಫೈಲಿಗೆ ಹೋಗಬೇಕಾದ ಪುಟಗಳು ಪಾರ್ಟಿಷನ್‌ನ ಆರಂಭದಿಂದ ಬರೆಯಲ್ಪಡುತ್ತಿದ್ದವು. ಎಕ್ಸ್‌ಟಿ4ರಲ್ಲಿ ಆರಂಭದ ಜಾಗವೇ ಜೀವಾಳ. ಗ್ರೂಪ್ ಡಿಸ್ಕ್ರಿಪ್ಟರ್ (ಡಿಸ್ಕಿನ ಭಾಗಗಳ ವಿವರ), ಬಿಟ್‌ಮ್ಯಾಪ್ (ಯಾವ ಜಾಗ ಖಾಲಿ ಎಂಬ ಗುರುತು), ಐನೋಡ್ (ಪ್ರತಿ ಫೈಲಿನ ವಿವರ) ಪಟ್ಟಿ, ಎಲ್ಲಕ್ಕೂ ಮೇಲಿನ ರೂಟ್ ಡೈರೆಕ್ಟರಿಯ ವಿವರ ಎಲ್ಲ ಅಲ್ಲೇ ಇರುತ್ತದೆ.

"ಸ್ವಾಪ್ ಪಾರ್ಟಿಷನ್ ಇದ್ದೋರಿಗೆ ಏನೂ ಆಗಲ್ಲ ಹಾಗಾದ್ರೆ" ಅಂದ ತಮ್ಮ. ಹೌದು. ಅವರಿಗೆ ಕೂಡಿಸಬೇಕಾದ ಸಂಖ್ಯೆ ಸೊನ್ನೆ. ಅದಕ್ಕೇ ಕೋಡ್ ಸೇರಿಸುವಾಗ ಯಾರ ಕಣ್ಣಿಗೂ ಇದು ಬೀಳಲಿಲ್ಲ. ಆದರೆ ಉಬುಂಟು 17.04ರಿಂದಲೇ ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಸ್ವಾಪ್ ಫೈಲ್ ಬಳಸುತ್ತಿದೆ. ಅಂಥ ಯಂತ್ರದಲ್ಲಿ ಈ ಆರ್‌ಸಿ ಹಾಕಿದವರಿಗೆ ನೇರ ಪೆಟ್ಟು.

ಶನಿವಾರ ಸಂಜೆ, ಮೊದಲ ಓಟ

ಯಂತ್ರದ ರ‍್ಯಾಮ್ ಅನ್ನು 1 ಜಿಬಿಗೆ ಇಳಿಸಿ, ಮೊದಲ ಪ್ರತಿಯನ್ನು ಆರ್‌ಸಿ1ರಲ್ಲಿ ಬೂಟ್ ಮಾಡಿದೆವು. ಸ್ವಾಪ್ ಫೈಲ್ ಆನ್. ರ‍್ಯಾಮ್ ತುಂಬಿಸಲು ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದೆವು: ಒಂದು ವಾಕ್ಯವನ್ನು ಮತ್ತೆ ಮತ್ತೆ ಸೇರಿಸಿ 1.4 ಜಿಬಿ ಮಾಡುವುದು, ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಓದಿ ಅದೇ ಇದೆಯಾ ಎಂದು ನೋಡುವುದು. ವಾಕ್ಯ ಯಾವುದಿರಲಿ ಎಂದು ತಮ್ಮನನ್ನು ಕೇಳಿದೆ. 'ನಾನು ರ‍್ಯಾಮ್‌ನಲ್ಲಿ ಇರಬೇಕಿತ್ತು' ಎಂದು ಟೈಪ್ ಮಾಡಿದ.

ಓಡಿಸಿದೆವು. ಸ್ವಾಪ್ ಬಳಕೆ ಏರುತ್ತಾ ಹೋಗಿ 700 ಎಂಬಿ ಹತ್ತಿರ ನಿಂತಿತು. ಎಲ್ಲ ಶಾಂತ. ಪೈಥಾನ್ ತನ್ನ ಡೇಟಾ ಪೂರ್ತಿ ಓದಿ, ಸರಿಯಾಗಿದೆ ಎಂದು ಹೇಳಿತು. ತಮ್ಮ ನನ್ನ ಮುಖ ನೋಡಿದ. "ಏನೂ ಆಗಿಲ್ವಲ್ಲ ಅಣ್ಣ?"

ನಾನು ಅವನಿಗೆ ತೋರಿಸಬೇಕೆಂದಿದ್ದ ಗಳಿಗೆ ಇದೇ. ಬರೆಯುವಾಗಲೂ ಲೆಕ್ಕ ತಪ್ಪು, ವಾಪಸ್ ಓದುವಾಗಲೂ ಅದೇ ತಪ್ಪು. ತಪ್ಪು ಜಾಗದಲ್ಲಿ ಇಟ್ಟು, ತಪ್ಪು ಜಾಗದಿಂದಲೇ ತೆಗೆದುಕೊಂಡರೆ ಪ್ರೋಗ್ರಾಮಿಗೆ ತನ್ನ ಡೇಟಾ ಸರಿಯಾಗಿಯೇ ಸಿಗುತ್ತದೆ. ಕರ್ನಲ್ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಈಗಷ್ಟೇ ನೋಡಿದ್ದ ಫೋಲ್ಡರ್ ಕೂಡ ತೆರೆಯುತ್ತಿತ್ತು, ಏಕೆಂದರೆ ಅದರ ವಿವರ ಇನ್ನೂ ರ‍್ಯಾಮ್‌ನ ಕ್ಯಾಶ್‌ನಲ್ಲಿತ್ತು. ಹೊರಗಿನಿಂದ ನೋಡಿದವರಿಗೆ ಇದು ಆರೋಗ್ಯವಾಗಿರುವ ಯಂತ್ರ.

ಮೊದಲ ಸೂಚನೆ ಬರಲು 12 ನಿಮಿಷ ಬೇಕಾಯಿತು. ಅದೂ ನಾವೇ ಕ್ಯಾಶ್ ಖಾಲಿ ಮಾಡಿಸಿದ ಮೇಲೆ. ಒಂದು ಫೋಲ್ಡರ್ ತೆರೆಯಲು ಹೋದರೆ 'ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್' ಎಂದಿತು. ಲಾಗ್‌ನಲ್ಲಿ ಎಕ್ಸ್‌ಟಿ4 ಚೆಕ್‌ಸಮ್ (ಬರೆದದ್ದು ಕೆಟ್ಟಿದೆಯಾ ಎಂದು ತಿಳಿಸುವ ಸಂಖ್ಯೆ) ದೋಷಗಳು ಸಾಲಾಗಿ ಬಂದವು. ಫೈಲ್‌ಸಿಸ್ಟಮ್ ತಾನಾಗಿ ಓದಲು ಮಾತ್ರ ಎಂಬ ಸ್ಥಿತಿಗೆ ಹೋಯಿತು. "ರೀಸ್ಟಾರ್ಟ್ ಮಾಡು" ಅಂದೆ. ತಮ್ಮನೇ ಮಾಡಿದ. ಯಂತ್ರ ಬೂಟ್ ಆಗಲಿಲ್ಲ, ಬೂಟ್ ಮಾಡಿಸುವ ಗ್ರಬ್ ಪ್ರೋಗ್ರಾಮಿನ ರೆಸ್ಕ್ಯೂ ಪರದೆ ಬಂತು. ಅವನು ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಚಿಕ್ಕಮ್ಮ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟರು. ಅವತ್ತಿಗೆ ಅಲ್ಲಿಗೇ ನಿಲ್ಲಿಸಿದೆವು.

ಭಾನುವಾರ, ರಿಪೇರಿ

ಹಾಳಾದ ಡಿಸ್ಕನ್ನು ಮುಟ್ಟುವ ಮೊದಲು ಅದರ ಪ್ರತಿ ತೆಗೆಯಬೇಕು. ಇದನ್ನು ಅವನಿಗೆ ಎರಡು ಸಲ ಹೇಳಿದೆ. ಫೈಲ್‌ಸಿಸ್ಟಮ್ ಪರೀಕ್ಷಿಸುವ ಎಫ್‌ಎಸ್‌ಸಿಕೆ ಪ್ರೋಗ್ರಾಮ್ ರಿಪೇರಿ ಮಾಡುತ್ತದೆ ನಿಜ, ಆದರೆ ಅದರ ಗುರಿ ಫೈಲ್‌ಸಿಸ್ಟಮ್ ಅನ್ನು ಒಂದು ಸುಸಂಬದ್ಧ ಸ್ಥಿತಿಗೆ ತರುವುದು. ನಮ್ಮ ಫೈಲ್ ಉಳಿಸುವುದು ಅದರ ಮೊದಲ ಕೆಲಸ ಅಲ್ಲ. ಅನುಮಾನ ಬಂದಿದ್ದನ್ನು ಅಳಿಸಿಬಿಡುತ್ತದೆ. ಒಮ್ಮೆ ಓಡಿಸಿದರೆ ವಾಪಸ್ ಬರಲಾಗದು.

ಪ್ರತಿ ತೆಗೆದು, ರೆಸ್ಕ್ಯೂ ಐಎಸ್‌ಒದಿಂದ ಬೂಟ್ ಮಾಡಿ, ಬರೀ ಓದಿ ಹೇಳುವ ರೀತಿಯಲ್ಲಿ ಎಫ್‌ಎಸ್‌ಸಿಕೆ ಓಡಿಸಿದೆವು. ಇಲ್ಲೊಂದು ಸ್ವಾರಸ್ಯ ಸಿಕ್ಕಿತು. ಫೈಲ್‌ಸಿಸ್ಟಮಿನ ಮೂಲ ವಿವರ ಇರುವ ಮುಖ್ಯ ಸೂಪರ್‌ಬ್ಲಾಕ್ ಹಾಳಾಗಿರಲಿಲ್ಲ! ಏಕೆಂದರೆ ಸ್ವಾಪ್‌ನ ಸೊನ್ನೆಯ ಪುಟದಲ್ಲಿ ಸ್ವಾಪಿನದೇ ಹೆಡರ್ ಇರುತ್ತದೆ, ಅಲ್ಲಿಗೆ ಕರ್ನಲ್ ಡೇಟಾ ಇಳಿಸುವುದಿಲ್ಲ. ಬರೆಯುವುದು 1ನೇ ಪುಟದಿಂದ. ಸೂಪರ್‌ಬ್ಲಾಕ್ ಇರುವುದು ಸೊನ್ನೆಯ ಬ್ಲಾಕಿನಲ್ಲಿ. ಹಾಗಾಗಿ ಅದು ಬಚಾವಾಯಿತು, ಅದರ ಹಿಂದೆಯೇ ಇದ್ದದ್ದು ಹೋಯಿತು. ಬಾಗಿಲ ಮೇಲಿನ ಹೆಸರಿನ ಫಲಕ ಉಳಿದು, ಒಳಗಿನ ಮನೆ ಬಿದ್ದ ಹಾಗೆ.

ಸೂಪರ್‌ಬ್ಲಾಕಿಗೂ ಗ್ರೂಪ್ ಡಿಸ್ಕ್ರಿಪ್ಟರ್‌ಗಳಿಗೂ ಬ್ಯಾಕಪ್ ಪ್ರತಿಗಳು ಇರುತ್ತವೆ. 4 ಕೆಬಿ ಬ್ಲಾಕಿನ ಎಕ್ಸ್‌ಟಿ4ರಲ್ಲಿ ಅವು 32768, 98304, 163840, 229376, 294912 ಹೀಗೆ ನಿಗದಿಯಾದ ಬ್ಲಾಕುಗಳಲ್ಲಿ ಸಿಗುತ್ತವೆ. 32768 ಕೊಟ್ಟೆವು, ಮ್ಯಾಜಿಕ್ ಸಂಖ್ಯೆ (ಸೂಪರ್‌ಬ್ಲಾಕಿನ ಗುರುತು) ತಪ್ಪು ಎಂದಿತು. 98304, ಅದೂ ಇಲ್ಲ. 163840, ಇಲ್ಲ. ತಮ್ಮ ಕೈಬಿಟ್ಟ. ನಾನು ಲೆಕ್ಕ ಹಾಕಲು ಹೇಳಿದೆ. 700 ಎಂಬಿಯನ್ನು 4 ಕೆಬಿಯಿಂದ ಭಾಗಿಸಿದರೆ 179200. ಅಂದರೆ ಸ್ವಾಪ್ ಅಷ್ಟು ಬ್ಲಾಕುಗಳನ್ನು ತುಳಿದುಕೊಂಡು ಹೋಗಿದೆ. ಮೊದಲ ಮೂರು ಬ್ಯಾಕಪ್ ಆ ಗೆರೆಯ ಒಳಗೆ, ನಾಲ್ಕನೆಯದು ಹೊರಗೆ. "229376 ಕೊಡು" ಅಂದೆ. ಕೊಟ್ಟ. ಎಫ್‌ಎಸ್‌ಸಿಕೆ ಓಡತೊಡಗಿತು. ಅವನ ಮುಖದಲ್ಲಿ ಬಂದ ಬೆಳಕು ನನಗೆ ಇನ್ನೂ ನೆನಪಿದೆ.

ಇನ್ನೂ ಒಂದು ಗಂಟೆ ಯಾರಾದರೂ ಬ್ರೌಸರ್ ಬಳಸಿ ಸ್ವಾಪ್ 1.2 ಜಿಬಿ ತಲುಪಿದ್ದರೆ 229376, 294912 ಎರಡೂ ಹೋಗಿರುತ್ತಿದ್ದವು. ಆಗ 819200ರ ತನಕ ಹೋಗಬೇಕಿತ್ತು. ಅದು 3 ಜಿಬಿಯಿಂದ ಆಚೆ ಇದೆ, 2 ಜಿಬಿ ಸ್ವಾಪ್ ಫೈಲಿನ ಕೈಗೆ ಎಟುಕುವುದಿಲ್ಲ. ಆದರೆ ನಡುವೆ ಅಳಿಸಿಹೋದ ಫೈಲುಗಳನ್ನು ಯಾವ ಬ್ಯಾಕಪ್ ಸೂಪರ್‌ಬ್ಲಾಕೂ ತಂದುಕೊಡುವುದಿಲ್ಲ.

ಎಫ್‌ಎಸ್‌ಸಿಕೆ ಮುಗಿದ ಮೇಲೆ ಮೌಂಟ್ ಮಾಡಿ ನೋಡಿದರೆ ರೂಟ್ ಡೈರೆಕ್ಟರಿ ಹೊಸದು, ಖಾಲಿ. ಇದ್ದದ್ದು 'ಲಾಸ್ಟ್ ಆಂಡ್ ಫೌಂಡ್' ಮಾತ್ರ. ಅದರೊಳಗೆ ಹೆಸರಿಲ್ಲದ, ಬರೀ ನಂಬರಿನ ಫೋಲ್ಡರ್‌ಗಳು. ಅದರಲ್ಲಿ 524289 ಎಂಬುದನ್ನು ತೆರೆದರೆ ಹೋಮ್ ಸಿಕ್ಕಿತು. ಎಕ್ಸ್‌ಟಿ4 ಮೇಲಿನ ಹಂತದ ಡೈರೆಕ್ಟರಿಗಳನ್ನು ಡಿಸ್ಕಿನ ತುಂಬಾ ದೂರ ದೂರ ಹರಡುತ್ತದೆ. ಅದಕ್ಕೇ ಹೋಮ್‌ನ ಐನೋಡುಗಳು ತುಳಿತದ ಆಚೆ ಉಳಿದಿದ್ದವು.

ಹೊರಗಿಟ್ಟಿದ್ದ ಪಟ್ಟಿ ತಂದು ಮೊತ್ತ ಹೋಲಿಸಿದೆವು. 400ರಲ್ಲಿ 371 ಸರಿ. 18 ಫೈಲ್ ಇಲ್ಲವೇ ಇಲ್ಲ. ಉಳಿದ 11 ಫೈಲಿಗೆ ಹೆಸರು ಸರಿ, ಗಾತ್ರ ಸರಿ, ದಿನಾಂಕ ಸರಿ, ಮೊತ್ತ ಮಾತ್ರ ಬೇರೆ. ಆ 11ರಲ್ಲಿ ಪ್ರಾಜೆಕ್ಟ್ ರಿಪೋರ್ಟಿನ ಪಠ್ಯವೂ ಒಂದು. ತಮ್ಮ ಅದನ್ನು ಎಡಿಟರ್‌ನಲ್ಲಿ ತೆರೆದ. ಮೊದಲ ಸಾಲಿನಿಂದ ಕೊನೆಯ ತನಕ 'ನಾನು ರ‍್ಯಾಮ್‌ನಲ್ಲಿ ಇರಬೇಕಿತ್ತು ನಾನು ರ‍್ಯಾಮ್‌ನಲ್ಲಿ ಇರಬೇಕಿತ್ತು'. ಪುಟ ಬದಲಾದ ಕಡೆ ಅಲ್ಲೊಂದು ಇಲ್ಲೊಂದು ಮುರಿದ ಅಕ್ಷರ. ಅವನ ಅರುವತ್ತು ಪುಟದ ಬರಹದ ಒಂದಕ್ಷರವೂ ಅದರಲ್ಲಿ ಇಲ್ಲ.

ಎಫ್‌ಎಸ್‌ಸಿಕೆ ಈ 11ನ್ನು ಸರಿಯಾದ ಫೈಲ್ ಎಂದೇ ಬಿಟ್ಟಿತ್ತು. ಎಕ್ಸ್‌ಟಿ4ರ ಚೆಕ್‌ಸಮ್ ಇರುವುದು ಫೈಲ್‌ಸಿಸ್ಟಮಿನ ವಿವರಗಳಿಗೆ, ಫೈಲಿನ ಒಳಗಿನ ಡೇಟಾಕ್ಕಲ್ಲ. ಬಿಟಿಆರ್‌ಎಫ್‌ಎಸ್, ಜೆಡ್‌ಎಫ್‌ಎಸ್‌ನಂಥ ಬೇರೆ ಫೈಲ್‌ಸಿಸ್ಟಮ್‌ಗಳು ಆಗಿದ್ದರೆ ಡೇಟಾಕ್ಕೂ ಚೆಕ್‌ಸಮ್ ಇರುತ್ತದೆ, ಓದುವಾಗ ದೋಷ ಹೇಳುತ್ತಿದ್ದವು. ನಮಗೆ ಗೊತ್ತಾಗಿದ್ದು ಮೊದಲೇ ಪಟ್ಟಿ ಮಾಡಿಟ್ಟಿದ್ದರಿಂದ. ಇಲ್ಲದಿದ್ದರೆ? ಯಂತ್ರ ರಿಪೇರಿ ಆಯಿತು ಎಂದು ಖುಷಿಪಟ್ಟು, ಈ ಹಾಳಾದ ಫೈಲನ್ನೇ ಪೆನ್‌ಡ್ರೈವ್‌ನ ಒಳ್ಳೇ ಪ್ರತಿಯ ಮೇಲೆ ಬ್ಯಾಕಪ್ ತೆಗೆದುಕೊಂಡಿರುತ್ತಿದ್ದೆವು. ನನಗೆ ಇಡೀ ಪ್ರಯೋಗದಲ್ಲಿ ಎದೆ ಝಲ್ ಎಂದಿದ್ದು ಇದನ್ನು ಯೋಚಿಸಿದಾಗ. ಇನ್ನೊಂದು ವಿಷಯವೂ ಇದೆ. ರ‍್ಯಾಮ್‌ನಲ್ಲಿ ನಮ್ಮ ವಾಕ್ಯದ ಬದಲು ಪಾಸ್‌ವರ್ಡ್ ಇದ್ದಿದ್ದರೆ ಅದೂ ಯಾವುದೋ ಫೋಟೋ ಫೈಲಿನೊಳಗೆ ಹೋಗಿ ಕೂತಿರುತ್ತಿತ್ತು.

ಮಿಕ್ಕ ಎರಡು ಪ್ರತಿಗಳ ಕಥೆ ಚಿಕ್ಕದು. ಆರ್‌ಸಿ2ರಲ್ಲಿ ಅದೇ ಪೈಥಾನ್, ಅದೇ ಸ್ವಾಪ್ ಫೈಲ್: 400ಕ್ಕೆ 400 ಸರಿ. ಆರ್‌ಸಿ1ರಲ್ಲೇ ಇನ್ನೊಂದು ಡಿಸ್ಕ್ ಸೇರಿಸಿ ಅದರಲ್ಲಿ ಸ್ವಾಪ್ ಪಾರ್ಟಿಷನ್ ಕೊಟ್ಟೆವು: 400ಕ್ಕೆ 400 ಸರಿ.

ಇದೊಂದೇ ಸಲ ಅಲ್ಲ

ಊಟಕ್ಕೆ ಕೂತಾಗ ತಮ್ಮ ಕೇಳಿದ, "ಜಾಸ್ತಿ ಅಂದ್ರೆ ಡೇಟಾ ಹೋಗುತ್ತೆ. ಹಾರ್ಡ್‌ವೇರ್‌ಗೆ ಏನೂ ಆಗಲ್ಲ ತಾನೇ?" ಆಗಿದ್ದಿದೆ. 2008ರಲ್ಲಿ 2.6.27ರ ಆರ್‌ಸಿಗಳನ್ನು ಹಾಕಿದ ಕೆಲವರ ಇಂಟೆಲ್ ನೆಟ್‌ವರ್ಕ್ ಚಿಪ್‌ಗಳು ಕೆಲಸ ನಿಲ್ಲಿಸಿದವು. ಚಿಪ್‌ನ ಎನ್‌ವಿಎಂ (ಕರೆಂಟ್ ಹೋದರೂ ಸೆಟ್ಟಿಂಗ್ ಉಳಿಸಿಕೊಳ್ಳುವ ಮೆಮೊರಿ) ಅಳಿಸಿಹೋಗಿತ್ತು. ಹಳೇ ಕರ್ನಲ್‌ಗೆ ವಾಪಸ್ ಹೋದರೂ ಅದು ಸರಿಯಾಗುತ್ತಿರಲಿಲ್ಲ. ಎಲ್ಲರೂ ಮೊದಲು ಅನುಮಾನಪಟ್ಟಿದ್ದು ಆ ಚಿಪ್‌ನ ಡ್ರೈವರ್ ಮೇಲೆ. ಕೊನೆಗೆ ಸಿಕ್ಕಿಬಿದ್ದಿದ್ದು ಎಫ್‌ಟ್ರೇಸ್ ಎಂಬ, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಹೊಸ ಸೌಲಭ್ಯ. ಬೇರೆ ಕೆಲಸಕ್ಕೆ ಹೋಗಿದ್ದ ಮೆಮೊರಿ ವಿಳಾಸಕ್ಕೆ ಅದು ಬರೆಯುತ್ತಿತ್ತು, ಆ ವಿಳಾಸದಲ್ಲಿ ಚಿಪ್ ಇತ್ತು. ಎನ್‌ವಿಎಂಗೆ ಬರೆಯಲಾಗದಂತೆ ಬೀಗ ಹಾಕುವ ಪ್ಯಾಚ್ ಕೂಡ ಬಂತು.

ಪರೀಕ್ಷಕರು ಹೇಳಿದರೂ ಕಿವಿಗೆ ಬೀಳದ ಸಂದರ್ಭವೂ ಇದೆ. ವಿಂಡೋಸ್ 10ರ 2018ರ ಅಕ್ಟೋಬರ್ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರಿನ ಫೈಲ್ ಅಳಿಸಿತು. ಆ ಫೋಲ್ಡರ್‌ಗಳನ್ನು ಬೇರೆ ಜಾಗಕ್ಕೆ ತಿರುಗಿಸಿಕೊಂಡು, ಹಳೇ ಜಾಗದಲ್ಲೂ ಫೈಲ್ ಉಳಿಸಿಕೊಂಡಿದ್ದವರಿಗೆ ಹೀಗಾಯಿತು. ಅಕ್ಟೋಬರ್ 2ಕ್ಕೆ ಬಿಟ್ಟಿದ್ದನ್ನು ಕೆಲವೇ ದಿನಗಳಲ್ಲಿ ತಡೆಹಿಡಿದು, ನವೆಂಬರ್ 13ಕ್ಕೆ ಮತ್ತೆ ಬಿಟ್ಟರು. ಇನ್‌ಸೈಡರ್‌ಗಳಲ್ಲಿ ಕೆಲವರು ವಿಂಡೋಸ್‌ನ ದೂರು ಬರೆಯುವ ಫೀಡ್‌ಬ್ಯಾಕ್ ಹಬ್‌ನಲ್ಲಿ ಮೊದಲೇ ಇದನ್ನು ಬರೆದಿದ್ದರು. ಮೇಲೆ ಬರಲು ಬೇಕಾದಷ್ಟು ವೋಟ್ ಸಿಗಲಿಲ್ಲ. ತೊಂದರೆ ಎಷ್ಟು ಗಂಭೀರ ಎಂದು ವರದಿ ಮಾಡುವವರೇ ಹೇಳುವ ಜಾಗವನ್ನು ಆಮೇಲೆ ಸೇರಿಸಿದರು.

ಹಾಗಂತ ಆರ್‌ಸಿ, ಬೀಟಾ ಯಾರೂ ಮುಟ್ಟಬಾರದು ಎಂದು ನಾನು ಹೇಳುವುದಿಲ್ಲ. ಆ ಸ್ವಾಪ್ ಬಗ್ ಮೂರು ದಿನದಲ್ಲಿ ಸಿಕ್ಕಿದ್ದು ಯಾರೋ ಓಡಿಸಿ ನೋಡಿದ್ದರಿಂದ. 5.12 ಅಂತಿಮವಾಗಿ ಏಪ್ರಿಲ್ 25ಕ್ಕೆ ಬಂದಾಗ ಅದು ಇರಲಿಲ್ಲ. ನಾನೂ ಆರ್‌ಸಿ ಓಡಿಸುತ್ತೇನೆ, ಖುಷಿಯಿಂದಲೇ. ಆದರೆ ಪರೀಕ್ಷೆಯ ಯಂತ್ರ ಬೇರೆಯೇ ಇರಬೇಕು. ಅದರಲ್ಲಿ ಯಾರಿಗೂ ಬೇಕಾದ ಫೈಲ್ ಇರಬಾರದು. ಮುಖ್ಯ ಯಂತ್ರದ ಬ್ಯಾಕಪ್ ಡಿಸ್ಕನ್ನು ಅದಕ್ಕೆ ಚುಚ್ಚಲೂಬಾರದು. ಡ್ಯುಯಲ್ ಬೂಟ್ (ಒಂದೇ ಯಂತ್ರದಲ್ಲಿ ಎರಡು ಸಿಸ್ಟಮ್) ಸಾಲದು, ಏಕೆಂದರೆ ಡಿಸ್ಕ್ ಒಂದೇ. ಮತ್ತೆ, ಒಳಗೆ ಹೋಗುವ ಮೊದಲು ಹೊರಗೆ ಬರುವ ದಾರಿ ನೋಡಿಕೊಳ್ಳಬೇಕು. ಕ್ಯಾನರಿ ಚಾನೆಲ್ ಬಿಡಬೇಕೆಂದರೆ ಸಾಮಾನ್ಯವಾಗಿ ವಿಂಡೋಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಆಂಡ್ರಾಯ್ಡ್ ಬೀಟಾವನ್ನು ನಡುವೆ ಬಿಟ್ಟು ಹಳೇ ಆವೃತ್ತಿಗೆ ಬಂದರೆ ಫೋನಿನ ಡೇಟಾ ಪೂರ್ತಿ ಅಳಿಯುತ್ತದೆ. ಐಫೋನಿನಲ್ಲಿ ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೇ ಐಒಎಸ್‌ಗೆ ಕೂರುವುದಿಲ್ಲ.

ಹೊರಡುವ ಮೊದಲು ತಮ್ಮನ ಲ್ಯಾಪ್‌ಟಾಪಿನ ಪ್ರಾಜೆಕ್ಟ್ ಫೋಲ್ಡರನ್ನು ಎರಡು ಕಡೆ ನಕಲು ಮಾಡಿಸಿದೆ. ಮೊತ್ತದ ಪಟ್ಟಿಯನ್ನು ಅವನೇ ತೆಗೆದು, ತನ್ನ ಮೇಲ್‌ಗೆ ಕಳಿಸಿಕೊಂಡ. ನನ್ನ ಹತ್ತಿರ ಕೀಬೋರ್ಡಿನ ಎರಡು ಕೀ ಹೋದ, 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಒಂದಿತ್ತು. ಅದನ್ನು ಮುಂದಿನ ವಾರ ಅವನಿಗೆ ಕಳಿಸಿದೆ. ಮೊನ್ನೆ ರಾತ್ರಿ ಫೋನ್ ಮಾಡಿದ್ದ. ಅದರಲ್ಲಿ ಈಗಿನ ಆರ್‌ಸಿ ಕಟ್ಟಿ ಬೂಟ್ ಮಾಡಿದ್ದಾನೆ. ಸ್ವಾಪ್ ಪಾರ್ಟಿಷನ್ ಬದಲು ಬೇಕೆಂದೇ ಸ್ವಾಪ್ ಫೈಲ್ ಇಟ್ಟಿದ್ದಾನಂತೆ. ಸಸ್ಪೆಂಡ್‌ನಿಂದ ಎದ್ದ ಮೇಲೆ ಟಚ್‌ಪ್ಯಾಡ್ ಕೆಲಸ ಮಾಡುತ್ತಿಲ್ಲ, ಅದನ್ನು ವರದಿ ಮಾಡುವುದು ಹೇಗೆ ಎಂದು ಕೇಳಿದ. ಲಾಗ್ ತೆಗೆದಿಡು, ಹಿಂದಿನ ಆರ್‌ಸಿಯಲ್ಲಿ ಸರಿಯಿತ್ತಾ ನೋಡು ಅಂದಿದ್ದೇನೆ. ಈ ಶನಿವಾರ ಇಬ್ಬರೂ ಕೂತು ಬೈಸೆಕ್ಟ್ ಮಾಡಬೇಕು, ಅಂದರೆ ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಅರ್ಧರ್ಧ ಮಾಡುತ್ತಾ ಹುಡುಕಬೇಕು.